ದೇವರ ಕೆಲಸ ಮೊದಲು: ಸಂತ ಜೋಸೆಫ್ ವಾಜ್



ಜನವರಿ 16 ಸಂತ ಜೋಸೆಫ್ ವಾಜ್ ಅವರ ಸ್ಮರಣೆಯ ದಿನ. ಸಂತ ಅಂತೋನಿಯವರ ಹಬ್ಬಕ್ಕಿರುವ ಸಡಗರ ನಮ್ಮ ಕಡೆ ಈ ದಿನಕ್ಕಿಲ್ಲ. ಆದರೂ ಕನ್ನಡ ಕರಾವಳಿಯಲ್ಲಿ ಬರಿಗಾಲಲ್ಲಿ ನಡೆದು ಸೇವೆ ಮಾಡಿದ ಈ ಗುರುವಿನ ಚರಿತ್ರೆಯನ್ನು ಈ ಸಲ ನಮ್ಮ ಯುವಜನರ ಸಭೆಯಲ್ಲಿ ಓದಿದೆವು. ಓದಲು ಒಂದು ಕಾರಣವಿತ್ತು. ಸೆಟ್ಟೂರಿನ ಕಡೆ ನಮ್ಮದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ದೇವಾಲಯದಲ್ಲಿ ಎರಡೂ ಬೇಕು. ಹಬ್ಬದ ಬಲಿಪೂಜೆಗೆ ಕನ್ನಡ ಹಾಡು ಎಷ್ಟು, ತೆಲುಗು ಹಾಡು ಎಷ್ಟು, ಮೈಕ್ ಯಾರ ಕೈಯಲ್ಲಿ ಎಂಬ ಮಾತು ನಮ್ಮಲ್ಲಿ ಜಗಳಕ್ಕೆ ತಿರುಗಿ ಹಾಡಿನ ಅಭ್ಯಾಸವೇ ಎರಡು ವಾರ ನಿಂತುಹೋಗಿತ್ತು. ತಪ್ಪು ಒಬ್ಬರದಲ್ಲ, ನಮ್ಮೆಲ್ಲರದು. ಆ ಹೊತ್ತಿನಲ್ಲಿ ಈ ಸಂತರು ನಮಗೆ ಸಿಕ್ಕರು.

ಗೋವೆಯ ಯುವ ಗುರು

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ಅದು ತಾಯಿ ಮರಿಯ ದೆ ಮಿರಾಂದ ಅವರ ಊರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ಮನೆಮಾತು ಕೊಂಕಣಿ. ಹುಡುಗ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತ. ಮುಂದೆ ಗೋವೆ ನಗರದಲ್ಲಿ ಯೇಸುಸಭೆಯವರ ಕಾಲೇಜಿನಲ್ಲೂ ಡೊಮಿನಿಕನ್ ಗುರುಗಳ ವಿದ್ಯಾಲಯದಲ್ಲೂ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಆಗ ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ. ನಮ್ಮ ದೇಶದ ಗುರುಗಳಿಗೆ ಸಂನ್ಯಾಸಿ ಸಭೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಎಷ್ಟು ಓದಿದರೂ ಎರಡನೆಯ ಸಾಲಿನಲ್ಲೇ ನಿಲ್ಲಬೇಕಿತ್ತು. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗಲು ವಾಜ್ ಅವರಿಗೆ ಬೇಕಾದಷ್ಟು ಕಾರಣವಿತ್ತು. ಅವರು ಮಾಡಿದ್ದು ಬೇರೆ. ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಹುಡುಗರಿಗಾಗಿ ಒಂದು ಶಾಲೆ ತೆರೆದರು. 1677ರಲ್ಲಿ ತಮ್ಮನ್ನು ಮಾತೆ ಮರಿಯಳ ದಾಸನೆಂದು ಬರೆದು ಒಪ್ಪಿಸಿಕೊಂಡರು. ದಾಸನಿಗೆ ತನ್ನದೆಂಬ ಸ್ಥಾನವಿಲ್ಲ, ಹೇಳಿದ ಕೆಲಸವಷ್ಟೇ ಇದೆ. ಮುಂದಿನ 34 ವರ್ಷ ಅವರು ಬದುಕಿದ್ದು ಹೀಗೆಯೇ.

ಕೇಳಿದ್ದು ಸಿಲೋನ್, ಸಿಕ್ಕಿದ್ದು ಕೆನರಾ

ಇಂದಿನ ಶ್ರೀಲಂಕೆಯನ್ನು ಆಗ ಸಿಲೋನ್ ಎನ್ನುತ್ತಿದ್ದರು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾಗಿದ್ದವು. ಪ್ರಾಟೆಸ್ಟಂಟರಾದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗೆ ಹಾಕಿದರು, ದೇವಾಲಯಗಳನ್ನು ಕಿತ್ತುಕೊಂಡರು, ಗುರುಗಳಿಗೆ ಆಶ್ರಯ ಕೊಟ್ಟವರನ್ನು ಶಿಕ್ಷಿಸಿದರು. ಬಲಿಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ ಅಲ್ಲಿನ ಕಥೋಲಿಕರು ಒಂದು ತಲೆಮಾರನ್ನೇ ಕಳೆದರು. ಈ ಸುದ್ದಿ ಕೇಳಿದ ದಿನದಿಂದ ವಾಜ್ ಅವರಿಗೆ ಒಂದೇ ಆಸೆ: ಅಲ್ಲಿಗೆ ಹೋಗಬೇಕು.

ಅನುಮತಿ ಸಿಗಲಿಲ್ಲ. 1681ರಲ್ಲಿ ಮೇಲಿನವರು ಅವರನ್ನು ಕೆನರಾಕ್ಕೆ, ಅಂದರೆ ನಮ್ಮ ಕನ್ನಡ ಕರಾವಳಿಗೆ ಕಳಿಸಿದರು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ ಅದು. ಅಲ್ಲಿ ಕಾದಿದ್ದ ಕೆಲಸವೂ ಯಾರೂ ಆಸೆಪಡುವಂಥದ್ದಲ್ಲ. ಕೆನರಾದ ಕ್ರೈಸ್ತರ ಮೇಲೆ ಅಧಿಕಾರ ಯಾರದು ಎಂಬ ಜಗಳ ನಡೆದಿತ್ತು. ರೋಮ್ ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಒಂದು ಕಡೆ, ಪೋರ್ಚುಗಲ್ ರಾಜನ ಹಕ್ಕನ್ನು ಹಿಡಿದ ಗೋವೆಯವರು ಇನ್ನೊಂದು ಕಡೆ. ಇಬ್ಬರೂ ಕಥೋಲಿಕರೇ. ನಡುವೆ ಸಿಕ್ಕಿದ ಜನರಿಗೆ, ಯಾವ ಗುರುವಿನ ಬಳಿ ಪಾಪನಿವೇದನೆ ಮಾಡಿದರೆ ಸರಿ, ಯಾರ ಕೈಯಲ್ಲಿ ಮದುವೆ ಆದರೆ ಸರಿ ಎಂದೇ ತಿಳಿಯದ ಸ್ಥಿತಿ.

ವಾಜ್ ಗೋವೆಯ ಕಡೆಯಿಂದ ಬಂದವರು. ಗೋವೆಯ ಪರವಾಗಿ ಗಟ್ಟಿಯಾಗಿ ಮಾತಾಡಿದ್ದರೆ ಕಳಿಸಿದವರಿಗೆ ಸಂತೋಷವಾಗುತ್ತಿತ್ತು, ಅವರ ಹೆಸರೂ ಬೆಳೆಯುತ್ತಿತ್ತು. ಅವರು ಧರ್ಮಾಧ್ಯಕ್ಷರನ್ನು ತಾವೇ ಹೋಗಿ ಕಂಡರು, ವಿನಯದಿಂದ ಮಾತಾಡಿದರು. ಅಧಿಕಾರದ ಪ್ರಶ್ನೆ ಏನೇ ಆಗಲಿ, ಜನರಿಗೆ ಸಂಸ್ಕಾರಗಳು ತಪ್ಪದಂತೆ ಒಂದು ಹೊಂದಾಣಿಕೆ ಆಗಲೆಂದು ದುಡಿದರು. ಅದರ ಜೊತೆಯಲ್ಲೇ ಮಂಗಳೂರು, ಬಾರ್ಕೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿ ಎಂದು ಊರೂರು ನಡೆದರು. ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಶಾಲೆ ತೆರೆದರು, ರೋಗಿಗಳನ್ನು ಹುಡುಕಿಕೊಂಡು ಹೋದರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇಂದಿಗೂ ಇದೆ. ಅವರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ಬಂಡೆಯಿಂದ ನೀರು ಚಿಮ್ಮಿತೆಂದು ಅಲ್ಲಿಯ ಭಕ್ತರು ನಂಬುತ್ತಾರೆ.

ನಮ್ಮ ಸಭೆಯಲ್ಲಿ ಹೆಚ್ಚು ಮಾತಾಡಿದ್ದು ಈ ಭಾಗದ ಬಗ್ಗೆಯೇ. ಸಿಲೋನಿಗೆ ಹೋಗುವ ಆಸೆ ಕೆಟ್ಟ ಆಸೆಯಲ್ಲ, ಪವಿತ್ರವಾದ ಆಸೆ. ಅದನ್ನೂ ಅವರು ಬದಿಗಿಟ್ಟರು. ಕೆನರಾವನ್ನು ಬಸ್ಸಿಗೆ ಕಾಯುವ ನಿಲ್ದಾಣದ ಹಾಗೆ ನೋಡಲಿಲ್ಲ. ಕೊಟ್ಟ ಕೆಲಸವನ್ನು ಮನಸ್ಸಿಟ್ಟು ಮಾಡಿದರು. ನಾವು ಕೇಳಿದ್ದೇ ದೇವರ ಚಿತ್ತ ಎಂದುಕೊಳ್ಳುವುದು ಸುಲಭ. ಕೇಳದೆ ಬಂದ ಕೆಲಸದಲ್ಲೂ ಅದೇ ದೇವರನ್ನು ಕಾಣುವುದು ಕಷ್ಟ.

ಕೊರಳಲ್ಲಿ ಜಪಸರ

1684ರಲ್ಲಿ ವಾಜ್ ಗೋವೆಗೆ ಮರಳಿದರು. ಮರುವರ್ಷ ಅಲ್ಲಿಯ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳುತ್ತಿದ್ದ ಕೆಲವು ದೇಶೀಯ ಗುರುಗಳನ್ನು ಸೇರಿಕೊಂಡರು. ಸಂತ ಫಿಲಿಪ್ ನೇರಿಯವರ ಒರೆಟರಿಯ ನಿಯಮವನ್ನು ಆ ಪುಟ್ಟ ಗುಂಪು ಅನುಸರಿಸಿತು, ವಾಜ್ ಅವರನ್ನೇ ಹಿರಿಯರನ್ನಾಗಿ ಆರಿಸಿತು. ಬಾಗಿಲು ಮುಚ್ಚಿದವರ ಮೇಲೆ ಸಿಟ್ಟಾಗದೆ ನಮ್ಮವರು ಕಟ್ಟಿದ ಮನೆ ಅದು. ಮುಂದೆ ಸಿಲೋನಿನ ಧರ್ಮಸಭೆಯನ್ನು ಉಳಿಸಿದ ಗುರುಗಳು ಬಂದದ್ದು ಇಲ್ಲಿಂದಲೇ.

ವಾಜ್ ಆ ಸ್ಥಾನದಲ್ಲೂ ನಿಲ್ಲಲಿಲ್ಲ. ಅನುಮತಿ ಸಿಕ್ಕಿದ ಕೂಡಲೇ 1686ರಲ್ಲಿ ಹೊರಟರು. ಜೊತೆಗೆ ಮನೆಯ ಸೇವಕ ಯೊವಾನ್ನ ಎಂಬ ಯುವಕ. ತೂತ್ತುಕುಡಿ ಸೇರಿ, ಕೂಲಿಯವರ ವೇಷದಲ್ಲಿ ಹಡಗು ಹತ್ತಿದರು. ಬಿರುಗಾಳಿಗೆ ಸಿಕ್ಕಿ, ಹಸಿವಿನಿಂದ ಬಳಲಿ, 1687ರಲ್ಲಿ ದ್ವೀಪವನ್ನು ಮುಟ್ಟಿ ಜಾಫ್ನಾಗೆ ಬಂದರು. ಬಂದವರೇ ರಕ್ತಭೇದಿಯಿಂದ ಮಲಗಿಬಿಟ್ಟರು. ರೋಗ ಅಂಟೀತೆಂದು ಜನ ದೂರ ಇಟ್ಟರು. ಯಾರೋ ಒಬ್ಬ ತಾಯಿ ತಂದುಕೊಟ್ಟ ಗಂಜಿ ಅವರ ಜೀವ ಉಳಿಸಿತು.

ಡಚ್ಚರ ಕಣ್ಣಿನ ಕೆಳಗೆ, ಗುರುತಿಲ್ಲದ ಊರಿನಲ್ಲಿ, ಬಾಯಿಬಿಟ್ಟು ಕೇಳಲಾಗದಾಗ ಕಥೋಲಿಕರನ್ನು ಪತ್ತೆ ಮಾಡುವುದು ಹೇಗೆ? ವಾಜ್ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಎಲ್ಲರಿಗೂ ಅವರು ಒಬ್ಬ ಭಿಕ್ಷುಕ. ಆ ಜಪಸರ ನೋಡಿ ಯಾರ ಮುಖ ಬದಲಾಗುತ್ತದೆ ಎಂದು ಅವರು ಗಮನಿಸುತ್ತಿದ್ದರು. ಹೀಗೆ ಒಂದು ಮನೆ, ಆಮೇಲೆ ಇನ್ನೊಂದು. ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ಆಶ್ರಯವಾಯಿತು. ತಮಿಳು ಕಲಿತರು. ರಾತ್ರಿ ಹೊತ್ತು ಬಲಿಪೂಜೆ, ಹಗಲು ಅಡಗುದಾಣ. ಒಂದು ಕ್ರಿಸ್ಮಸ್ ರಾತ್ರಿ ಡಚ್ಚರು ನುಗ್ಗಿ ಭಕ್ತರನ್ನು ಹಿಡಿದೊಯ್ದರು. ವಾಜ್ ತಪ್ಪಿಸಿಕೊಂಡರು. ಮುಂದೆ ಪುಟ್ಟಳಂಗೆ, ಅಲ್ಲಿಂದ 1692ರಲ್ಲಿ ಬೌದ್ಧ ರಾಜನ ರಾಜಧಾನಿ ಕ್ಯಾಂಡಿಗೆ ಹೋದರು.

ಸೆರೆಮನೆಯಲ್ಲಿ ಪಾಠ

ಕ್ಯಾಂಡಿಯಲ್ಲಿ ಪೋರ್ಚುಗೀಸ್ ಗೂಢಚಾರ ಎಂಬ ಆರೋಪ ಹೊರಿಸಿ ಸೆರೆಯಲ್ಲಿಟ್ಟರು. ಎರಡನೆಯ ವಿಮಲಧರ್ಮಸೂರ್ಯ ಆಗ ರಾಜ. ಎಲ್ಲ ದಾರಿ ಮುಚ್ಚಿತು ಎನ್ನುವ ಹೊತ್ತಿನಲ್ಲಿ ವಾಜ್ ಸಿಂಹಳ ಕಲಿಯಲು ಕೂತರು. ಕಾವಲು ಸಡಿಲವಾದಾಗ ಅಲ್ಲೇ ಒಂದು ಗುಡಿಸಲ ದೇವಾಲಯ ಎದ್ದಿತು. ಒಮ್ಮೆ ನಾಡಿಗೆ ಬರ ಬಂದಾಗ, ರಾಜ ಕೇಳಿಕೊಂಡ ಮೇಲೆ ಅವರು ಬಯಲಲ್ಲಿ ಪೀಠ ಕಟ್ಟಿ ಶಿಲುಬೆ ಇಟ್ಟು ಪ್ರಾರ್ಥಿಸಿದರೆಂದೂ ಧಾರಾಳ ಮಳೆ ಸುರಿಯಿತೆಂದೂ ಚರಿತ್ರೆಗಳು ಹೇಳುತ್ತವೆ. ಮಳೆಯ ಬೆಲೆ ಗೊತ್ತಿರುವ ನಮ್ಮ ಸೀಮೆಯವರಿಗೆ ಆ ದಿನದ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವರಿಗೆ ರಾಜ್ಯದಲ್ಲೆಲ್ಲ ಓಡಾಡುವ ಸ್ವಾತಂತ್ರ್ಯ ಸಿಕ್ಕಿತು.

ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಆಮೇಲೆ ಗೋವೆಯಿಂದ ಸಹಾಯಕ್ಕೆ ಗುರುಗಳು ಬಂದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ರಾಜ ಊರು ಬಿಟ್ಟ, ಉಳ್ಳವರು ಊರು ಬಿಟ್ಟರು, ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಹೋದವರೂ ಇದ್ದರು. ವಾಜ್ ಮತ್ತು ಅವರ ಸೋದರಸಂಬಂಧದ ಹುಡುಗ ಫಾದರ್ ಜೋಸೆಫ್ ಕಾರ್ವಾಲ್ಯೊ ಊರಿನಲ್ಲೇ ಉಳಿದರು. ಗುಡಿಸಲು ಹಾಕಿ ರೋಗಿಗಳನ್ನು ಮಲಗಿಸಿದರು, ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ. ದೇವರ ದೊಡ್ಡ ಉದ್ದೇಶ ಎಂದರೆ ನಮಗೆ ಎಲ್ಲೋ ಮೇಲಿನ ಮಾತು ಅನಿಸುತ್ತದೆ. ವಾಜ್ ಅವರಿಗೆ ಅದು ಮುಂದೆ ಮಲಗಿದ್ದ ಒಬ್ಬ ರೋಗಿಯಾಗಿತ್ತು.

1705ರ ಹೊತ್ತಿಗೆ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಮಾತು ಬಂತು. ಒಲ್ಲೆ ಎಂದರು. ಅದೇ ವರ್ಷ ಬಂದ ಫಾದರ್ ಜಾಕೋಮೆ ಗೊನ್ಸಾಲ್ವೆಸ್ ಅವರಿಗೆ ಬರೆಯುವ ಶಕ್ತಿ ಇತ್ತು. ಅವರು ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಧಾರ್ಮಿಕ ಗ್ರಂಥಗಳು ಅಲ್ಲಿನ ಜನರಿಗೆ ಅವರದೇ ಮಾತಿನಲ್ಲಿ ವಿಶ್ವಾಸವನ್ನು ಕಲಿಸಿದವು. ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಮರಳಿ ಗೋವೆಯನ್ನು ನೋಡಲಿಲ್ಲ. ಆ ಹೊತ್ತಿಗೆ ದ್ವೀಪದಲ್ಲಿ ಸುಮಾರು 70,000 ಕಥೋಲಿಕರಿದ್ದರು ಎನ್ನುತ್ತಾರೆ. ಅವರ ಸಮಾಧಿ ಎಲ್ಲಿದೆ ಎಂಬ ಗುರುತೂ ಇಂದು ಉಳಿದಿಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿ ನೀಡಿದರು.

ನಮಗೆ ಏನು?

ಈ ಚರಿತ್ರೆ ಓದಿ, ಹಾಗಾದರೆ ಕನ್ನಡ ಹಾಡು ಕೇಳುವುದೇ ತಪ್ಪೇ ಎಂದು ಒಬ್ಬ ತಮ್ಮ ಸಭೆಯಲ್ಲಿ ಕೇಳಿದ. ಒಳ್ಳೆಯ ಪ್ರಶ್ನೆ. ತಪ್ಪಲ್ಲ. ಜನರಿಗೆ ಅವರದೇ ಮಾತಿನಲ್ಲಿ ದೇವರನ್ನು ಕೊಡಬೇಕೆಂದೇ ವಾಜ್ ಮತ್ತು ಅವರ ಜೊತೆಗಾರರು ತಮಿಳು, ಸಿಂಹಳ ಕಲಿತರು. ನಮ್ಮ ಅಜ್ಜಿಯರು ಕನ್ನಡದಲ್ಲಿ ಜಪಸರ ಮಾಡುವಾಗ ಅವರ ಮನಸ್ಸು ಎಷ್ಟು ತುಂಬಿ ಬರುತ್ತದೆ ಎಂದು ನಾವು ಕಂಡಿದ್ದೇವೆ. ಅದನ್ನು ಉಳಿಸಿಕೊಳ್ಳಬೇಕು, ಕೇಳಬೇಕಾದ ಕಡೆ ವಿನಯದಿಂದ ಕೇಳಬೇಕು. ಆದರೆ ವಾಜ್ ತಮಗಾಗಿ ಕೊಂಕಣಿ ಕೇಳಲಿಲ್ಲ, ಇನ್ನೊಬ್ಬರಿಗಾಗಿ ಸಿಂಹಳ ಕಲಿತರು. ನಮ್ಮ ಜಗಳದಲ್ಲಿ ಅಜ್ಜಿಯ ಪ್ರಾರ್ಥನೆಯ ನೆನಪು ಯಾರಿಗೂ ಇರಲಿಲ್ಲ. ಮೈಕ್ ನಮ್ಮ ಕೈಯಲ್ಲಿ ಇರಬೇಕು ಎಂಬುದಷ್ಟೇ ಇತ್ತು. ಅಲ್ಲಿ ನಾವು ದಾರಿ ತಪ್ಪಿದೆವು.

ಕೆಲಸ ಸಿಗದೆ ಕಾಯುತ್ತಿರುವ ಗೆಳೆಯರು, ಬೆಂಗಳೂರಿಗೆ ಹೊರಟು ನಿಂತವರು, ಮನೆಯ ಸಾಲದ ಚಿಂತೆ ಹೊತ್ತವರು ನಮ್ಮಲ್ಲಿ ಬಹಳ ಮಂದಿ. ದೇವರು ಈ ಚಿಂತೆಗಳನ್ನು ಸಣ್ಣವೆಂದು ತಳ್ಳುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೂ ತಮ್ಮ ಸಂಕಟವನ್ನು ತಂದೆಯ ಮುಂದೆ ಬಿಚ್ಚಿಟ್ಟರು, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದರು. ನಮಗೂ ಅದೇ ದಾರಿ. ಕಾಯುವ ದಿನಗಳೂ ದೇವರ ದಿನಗಳೇ. ಆ ದಿನಗಳಲ್ಲೂ ನಮ್ಮ ಬೀದಿಯಲ್ಲಿ ರೋಗಿಗಳಿದ್ದಾರೆ, ಉಪದೇಶ ಕಲಿಯಬೇಕಾದ ಮಕ್ಕಳಿದ್ದಾರೆ.

ಸೇವಕ ಯೊವಾನ್ನನನ್ನೂ ಮರೆಯಬಾರದು. ಅವನ ಹೆಸರಿನಲ್ಲಿ ಹಬ್ಬವಿಲ್ಲ. ಆದರೆ ಹಡಗಿನಲ್ಲಿ, ಜ್ವರದಲ್ಲಿ, ಸೆರೆಯಲ್ಲಿ ಅವನು ಜೊತೆಗಿದ್ದ. ಹೆಸರಿಲ್ಲದೆ ಮಾಡುವ ಸೇವೆಗೂ ದೇವರ ಲೆಕ್ಕದಲ್ಲಿ ಜಾಗವಿದೆ ಎಂದು ಅವನು ನಮಗೆ ಹೇಳುತ್ತಾನೆ.

ಆ ಭಾನುವಾರ ಸಭೆ ಮುಗಿದ ಮೇಲೆ ಹಾಡಿನ ಅಭ್ಯಾಸ ಮತ್ತೆ ಶುರುವಾಯಿತು. ನಾವು ಎರಡು ತೆಲುಗು ಹಾಡು ಕಲಿತೆವು, ತೆಲುಗಿನ ಅಕ್ಕಂದಿರು ಒಂದು ಕನ್ನಡ ಹಾಡು ಕಲಿತರು. ಅವರ ಉಚ್ಚಾರ ಕೇಳಿ ನಾವು ನಕ್ಕೆವು, ನಮ್ಮದು ಕೇಳಿ ಅವರು ನಕ್ಕರು. ಈ ಜನವರಿ 16ರ ಸಂಜೆ ಎಲ್ಲರೂ ಒಂದಾಗಿ ಜಪಸರ ಮಾಡೋಣ, ಒಂದು ದಶಕ ಕನ್ನಡದಲ್ಲಿ, ಒಂದು ದಶಕ ತೆಲುಗಿನಲ್ಲಿ. ತಪ್ಪದೆ ಬನ್ನಿ.

ಸಂತ ಜೋಸೆಫ್ ವಾಜ್ ಅವರೇ, ನಮಗಾಗಿ ಪ್ರಾರ್ಥಿಸಿರಿ.