ನಮ್ಮ ಆಬೆ



ನಮ್ಮ ಸಂಘಕ್ಕೆ ಹಾಲು ಹಾಕುವವರಲ್ಲಿ ಕಪ್ಪು ಬಿಳುಪಿನ ಎಚ್.ಎಫ್. ಹಸು ಕಟ್ಟದವರು ಕಡಿಮೆ. ಎಚ್.ಎಫ್. ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್. ಈ ಫ್ರೀಸಿಯನ್ ಅನ್ನೋದು ಹಾಲೆಂಡ್ ದೇಶದ ಉತ್ತರದಲ್ಲಿರುವ ಫ್ರೀಸ್‌ಲ್ಯಾಂಡ್ ಸೀಮೆಯಿಂದ ಬಂದ ಹೆಸರು. ಹುಲ್ಲುಗಾವಲು, ಕಾಲುವೆ, ಹಸು, ಬೆಣ್ಣೆ, ಇದೇ ಅಲ್ಲಿನ ಬದುಕು. ಆ ದೇಶದ ಮೊಟ್ಟಮೊದಲ ಸಹಕಾರಿ ಹಾಲಿನ ಕಾರ್ಖಾನೆಯನ್ನು 1886ರಲ್ಲಿ ವಾರ್ಗಾ ಎಂಬ ಹಳ್ಳಿಯ ರೈತರು ಕಟ್ಟಿದ್ದೂ ಈ ಸೀಮೆಯಲ್ಲೇ. ಈ ರಜತ ಮಹೋತ್ಸವದ ಸಂಚಿಕೆಯಲ್ಲಿ ಅದೇ ಮಣ್ಣಿನ ಒಬ್ಬ ಆಟಗಾರರ ಬಗ್ಗೆ ಬರೆಯಬೇಕೆನಿಸಿತು. ಅವರ ಹೆಸರು ಆಬೆ ಲೆನ್‌ಸ್ಟ್ರಾ.

ಆಬೆ ಹುಟ್ಟಿದ್ದು 1920ರ ನವೆಂಬರ್ 27ರಂದು, ಹೀರೆನ್‌ವೇನ್‌ನಲ್ಲಿ. ಸುಡುವ ಮಣ್ಣು ಅಗೆದು ಮಾರುವ ವ್ಯಾಪಾರಕ್ಕಾಗಿ 1551ರಲ್ಲಿ ಶುರುವಾದ ಊರು ಅದು. ಹಿಂದಿನ ಕಾಲದಲ್ಲಿ ಅಲ್ಲಿ ನಗರ ಅನ್ನಿಸಿಕೊಳ್ಳೋಕೆ ಪ್ರತ್ಯೇಕ ಹಕ್ಕುಪತ್ರ ಬೇಕಿತ್ತು. ಈ ಊರಿಗೆ ಅದು ಸಿಗಲೇ ಇಲ್ಲ. ಹಾಗಾಗಿ ಸುಮಾರು 30,000 ಜನಸಂಖ್ಯೆ ಇದ್ದರೂ ಅಲ್ಲಿನವರು ಇವತ್ತಿಗೂ ಅದನ್ನು ಹಳ್ಳಿ ಅಂತಲೇ ಕರೀತಾರೆ.

ಹದಿನೈದು ವರ್ಷ ತುಂಬಿದ ಹುಡುಗ 1936ರಲ್ಲೇ ಊರಿನ ಕ್ಲಬ್ಬಿನ ಮೊದಲ ತಂಡಕ್ಕೆ ಬಂದ. ಆಗ ಆ ದೇಶದಲ್ಲಿ ಫುಟ್‌ಬಾಲ್ ಆಡಿದ್ದಕ್ಕೆ ಹಣ ತೆಗೆದುಕೊಳ್ಳುವ ಹಾಗೇ ಇರಲಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಬೇಕು. ಆಬೆಯವರು ಊರಿನ ಪುರಸಭೆ ಕಚೇರಿಯಲ್ಲಿ ನೌಕರರಾಗಿದ್ದರು. ವಾರವೆಲ್ಲಾ ಮೇಜಿನ ಮುಂದೆ ಕೂತು, ಭಾನುವಾರ ಮೈದಾನಕ್ಕೆ ಇಳಿಯೋದು. ಇಟಲಿಯ ಫಿಯೊರೆಂಟಿನಾ ಕ್ಲಬ್ಬಿನಿಂದ ಕರೆ ಬಂದಾಗಲೂ ಅವರು ಹೋಗಲಿಲ್ಲ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಜನ ಅವರನ್ನು ನಮ್ಮ ಆಬೆ ಅಂತ ಕರೆಯಲು ಶುರು ಮಾಡಿದರು. ಆ ನಮ್ಮ ಅನ್ನೋ ಮಾತು ಕೊನೇವರೆಗೂ ಅವರ ಹೆಸರಿಗೆ ಅಂಟಿಕೊಂಡೇ ಇತ್ತು.

1950ರ ಮೇ 7ರ ಪಂದ್ಯವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ರಾಜಧಾನಿ ಆಮ್‌ಸ್ಟರ್‌ಡ್ಯಾಮ್‌ನ ಅಜಾಕ್ಸ್ ತಂಡ ಹೀರೆನ್‌ವೇನ್‌ಗೆ ಬಂದಿತ್ತು. ಅಜಾಕ್ಸ್ ಅಂದರೆ ದೊಡ್ಡ ಪಟ್ಟಣದ ದೊಡ್ಡ ತಂಡ. ಎರಡನೇ ಅರ್ಧದಲ್ಲಿ ಅದು 5 ಗೋಲು, ಊರಿನವರದು ಒಂದೇ ಒಂದು. ಅಂಥ ಹೊತ್ತಲ್ಲಿ ನಾವಾದರೆ ಎದ್ದು ಮನೆ ಕಡೆ ಹೊರಡ್ತೀವಿ. ಆದರೆ ಆಬೆ ಮುಂದೆ ನಿಂತು ಆಟ ಎಳೆದರು. ಒಂದರ ಹಿಂದೆ ಒಂದು ಗೋಲು ಬಿದ್ದು, ಪಂದ್ಯ ಮುಗಿದಾಗ ಊರಿನವರು 6, ಅಜಾಕ್ಸ್ 5! ಆ ದಿನದ ಕಥೆ ಅಲ್ಲಿನ ಮಕ್ಕಳಿಗೂ ಗೊತ್ತು.

ದೇಶದ ತಂಡದಲ್ಲಿ ಅವರು 1940ರಿಂದ 1959ರವರೆಗೆ 47 ಪಂದ್ಯ ಆಡಿ 33 ಗೋಲು ಹೊಡೆದರು. ಹತ್ತೊಂಬತ್ತು ವರ್ಷಕ್ಕೆ 47 ಕಡಿಮೆಯೇ. ನಡುವೆ ಮಹಾಯುದ್ಧ ಬಂತು, ಅದು ಒಂದು ಕಾರಣ. ಇನ್ನೊಂದು ಅವರ ಹಠ. ತನಗೆ ಒಗ್ಗದ ಜಾಗದಲ್ಲಿ ಆಡು ಅಂದರೆ ಆಯ್ಕೆ ಮಾಡುವವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ಸ್ವಲ್ಪ ತಗ್ಗಿ ನಡೆದಿದ್ದರೆ ಇನ್ನಷ್ಟು ಆಡಬಹುದಿತ್ತು ಅಂತ ನನಗನ್ನಿಸುತ್ತೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಅವರಿದ್ದರು. ನಮ್ಮವರು ಬರಿಗಾಲಲ್ಲಿ ಆಡಿದ ಒಲಿಂಪಿಕ್ಸ್ ಅದೇ. ಫ್ರಾನ್ಸ್ ಮೇಲೆ ನಮ್ಮ ಒಂದೇ ಗೋಲು ಹೊಡೆದ ರಾಮನ್ ಮೈಸೂರು ಸಂಸ್ಥಾನದ ಆಟಗಾರರು. 1956ರ ಮಾರ್ಚ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿಯನ್ನು ಅವರ ನೆಲದಲ್ಲೇ ಹಾಲೆಂಡ್ 2-1ರಿಂದ ಸೋಲಿಸಿತು. ಎರಡು ಗೋಲೂ ಆಬೆಯವರದೇ. ಆಗ ಅವರಿಗೆ 35 ವಯಸ್ಸು.

ಅಷ್ಟರೊಳಗೆ ಅವರು ಊರಿನ ಕ್ಲಬ್ಬು ಬಿಟ್ಟಿದ್ದರು. 1954ರಲ್ಲಿ ಆಟಕ್ಕೆ ಹಣ ಕೊಡಬಹುದು ಅಂತ ಕಾನೂನು ಬದಲಾಯಿತು. ಅದಾದ ಮೇಲೆ ಅವರು ಎನ್‌ಸ್ಖೆಡೆ ಪಟ್ಟಣದ ಕ್ಲಬ್ಬು ಸೇರಿ, 1963ರವರೆಗೂ ಆ ಪಟ್ಟಣದಲ್ಲೇ ಆಡಿದರು. ನಮ್ಮ ಆಬೆ ನಮ್ಮನ್ನು ಬಿಟ್ಟು ಹೋದರಲ್ಲ ಅಂತ ನೊಂದುಕೊಳ್ಳುವವರು ಇರಬಹುದು. ನಾನು ಹಾಗೆ ನೋಡೋಲ್ಲ. ಹದಿನೆಂಟು ವರ್ಷ ಕಾಸು ಮುಟ್ಟದೆ ಊರಿಗಾಗಿ ಆಡಿದವರು, ಕಾಲಲ್ಲಿ ಶಕ್ತಿ ಇರುವಾಗ ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನು? ಗೌರವ ಸೇವೆ ಅನ್ನೋದು ಕೇಳೋಕೆ ಚೆಂದ, ಮನೆ ನಡೆಸೋನಿಗೆ ಗೊತ್ತು ಅದರ ಕಷ್ಟ.

ಕೊನೆಗಾಲ ಸುಖವಾಗಿರಲಿಲ್ಲ. 1977ರಲ್ಲಿ ಪಾರ್ಶ್ವವಾಯು ಹೊಡೆದು, ಅಷ್ಟು ಚೆಂಡು ಆಡಿಸಿದ ಕಾಲು ಗಾಲಿ ಕುರ್ಚಿ ಸೇರಿತು. 1985ರ ಸೆಪ್ಟೆಂಬರ್ 2ರಂದು ಹುಟ್ಟೂರಿನಲ್ಲೇ ತೀರಿಕೊಂಡರು.

ತೀರಿಹೋದ ಮೇಲೆ ಊರಿನವರು ಕ್ಲಬ್ಬಿನ ಮೈದಾನಕ್ಕೆ ಅವರ ಹೆಸರಿಟ್ಟರು. 1994ರಲ್ಲಿ ಹೊಸ ಸ್ಟೇಡಿಯಂ ಕಟ್ಟಿದಾಗಲೂ ಅದೇ ಹೆಸರು ಉಳಿಯಿತು, ಆಬೆ ಲೆನ್‌ಸ್ಟ್ರಾ ಸ್ಟೇಡಿಯಂ. ಮೊದಲು ಈಗಿನ ಸುಮಾರು ಅರ್ಧದಷ್ಟು ಆಸನ ಇತ್ತು, ಹಂತ ಹಂತವಾಗಿ ಬೆಳೆಸಿ 26,000 ದಾಟಿಸಿದರು. ಊರಿನ ಜನ 30,000, ಕೂರುವ ಜಾಗ 26,000! ತುಂಬಿಸೋದು ಹೇಗೆ ಅಂದರೆ, ಸುತ್ತಲ ಹಳ್ಳಿಗಳೆಲ್ಲಾ ಬರ್ತಾವೆ. ಆಬೆಯವರ ಕಾಲದ ನಂತರ ಮಂಕಾಗಿದ್ದ ಕ್ಲಬ್ಬು 1990ರಲ್ಲಿ ಮೊದಲ ಸಲ ದೇಶದ ಮೇಲ್ದರ್ಜೆಯ ಲೀಗಿಗೆ ಏರಿತು, 2000ದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿತು, 2009ರಲ್ಲಿ ದೇಶದ ಕಪ್ ಗೆದ್ದಿತು.

ಅವರ ಅಂಗಿ ನೀಲಿ ಬಿಳಿ ಪಟ್ಟೆಯದು, ಮೇಲೆ ಕೆಂಪು ಗುರುತುಗಳು. ನೋಡಿದವರು ಹೃದಯದ ಚಿತ್ರ ಅಂದುಕೊಳ್ತಾರೆ. ಅದು ಹೃದಯ ಅಲ್ಲ, ಅಲ್ಲಿನ ನೀರಿನಲ್ಲಿ ಬೆಳೆಯುವ ನೈದಿಲೆಯ ಎಲೆ, ಫ್ರೀಸ್‌ಲ್ಯಾಂಡ್ ಬಾವುಟದಿಂದ ತೆಗೆದುಕೊಂಡದ್ದು. ಆಟ ಶುರುವಾಗುವ ಮುಂಚೆ ಸ್ಟೇಡಿಯಂನಲ್ಲಿ ಎಲ್ಲರೂ ಎದ್ದು ನಿಂತು ತಮ್ಮ ಸೀಮೆಯ ನಾಡಗೀತೆಯನ್ನು ಡಚ್ಚಿನಲ್ಲಲ್ಲ, ತಮ್ಮದೇ ಫ್ರೀಸಿಯನ್ ಭಾಷೆಯಲ್ಲಿ ಹಾಡ್ತಾರೆ.