ಶ್ವಾಸಕೋಶಕ್ಕೆ ಚೀನೀ ಮದ್ದು: ಫಾರ್ವರ್ಡ್ ಮಾಡುವ ಮುನ್ನ ಲಿ ಶಿಜೆನ್ ಕಥೆ ಓದಿ

ಚೀನೀ ಕಷಾಯ ಕುಡಿದರೆ ಶ್ವಾಸಕೋಶ ಶುದ್ಧ, ಆಕ್ಯುಪಂಕ್ಚರ್ ಮಾಡಿಸಿದರೆ ಇನ್ಹೇಲರ್ ಬೇಡ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಆ ವೈದ್ಯಪದ್ಧತಿಯ ದೊಡ್ಡ ಹೆಸರು ಲಿ ಶಿಜೆನ್.

ಅವರು ಹುಟ್ಟಿದ್ದು 1518ರಲ್ಲಿ, ಈಗಿನ ಹುಬೈ ಪ್ರಾಂತ್ಯದಲ್ಲಿ. ತಂದೆ ವೈದ್ಯರು. ಮಗ ಸರ್ಕಾರಿ ಅಧಿಕಾರಿಯಾಗಲಿ ಎಂದು ಅವರ ಆಸೆ. ಲಿ ಪ್ರಾಂತೀಯ ಪರೀಕ್ಷೆಯಲ್ಲಿ ಮೂರು ಬಾರಿ ಫೇಲಾದರು. 20ರ ವಯಸ್ಸಿನಲ್ಲಿ ನೆಗಡಿಯಿಂದ ಶುರುವಾದ ಕೆಮ್ಮು, ಜ್ವರ ತಿಂಗಳು ಕಳೆದರೂ ಬಿಡಲಿಲ್ಲ. ಬದುಕುವುದು ಕಷ್ಟ ಎಂದೇ ಎಲ್ಲರೂ ಅಂದುಕೊಂಡಿದ್ದರು. ಕೊನೆಗೆ ತಂದೆ ಹುವಾಂಗ್‌ಚಿನ್ ಎಂಬ ಒಂದೇ ಬೇರಿನ ಕಷಾಯ ಕೊಟ್ಟರು, ಗುಣವಾಯಿತು ಎಂದು ಲಿ ತಾವೇ ದಾಖಲಿಸಿದ್ದಾರೆ.

ಮುಂದೆ ವೈದ್ಯರಾದ ಅವರು ಹಳೆಯ ಗ್ರಂಥಗಳ ತಪ್ಪುಗಳನ್ನು ತಿದ್ದಲು ಕುಳಿತರು. 27 ವರ್ಷ ದುಡಿದು 1578ರಲ್ಲಿ 'ಬೆನ್‌ಸಾವ್ ಗಾಂಗ್ಮು' ಮುಗಿಸಿದರು. ಅದರಲ್ಲಿ 1,892 ಔಷಧ ವಸ್ತುಗಳಿವೆ. ಪಾದರಸ ಆಯಸ್ಸು ಹೆಚ್ಚಿಸುತ್ತದೆ ಎಂಬ ಆಗಿನ ನಂಬಿಕೆಯನ್ನು ಅವರು ಖಂಡಿಸಿದರು, ಅದು ವಿಷ ಎಂದರು. 1593ರಲ್ಲಿ ತೀರಿಕೊಂಡರು. ಪುಸ್ತಕ ಪ್ರಕಟವಾಗಿದ್ದು 1596ರಲ್ಲಿ.

ಅವರ ಪುಸ್ತಕದಲ್ಲಿರುವ ಮಾಹುವಾಂಗ್ ಗಿಡದಿಂದ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಲಾಯಿತು. ಅದು ಆಸ್ತಮಾಕ್ಕೆ ಔಷಧಿಯೂ ಆಯಿತು. ಆದರೆ ಹೃದಯಕ್ಕೆ ಅಪಾಯ ಎಂದು ಅಮೆರಿಕ 2004ರಲ್ಲಿ ಈ ಗಿಡದ ಸಪ್ಲಿಮೆಂಟ್‌ಗಳನ್ನು ನಿಷೇಧಿಸಿತು. ಆಸ್ತಮಾಕ್ಕೆ ಆಕ್ಯುಪಂಕ್ಚರ್ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಲಿ ಒಬ್ಬರು ಗುಣವಾದರು ಎಂದ ಮಾತ್ರಕ್ಕೆ ಎಲ್ಲರಿಗೂ ಅದೇ ಮದ್ದು ಎನ್ನಲಾಗದು. ಹಳೆಯ ನಂಬಿಕೆಯನ್ನು ಪರೀಕ್ಷಿಸಿ ನೋಡುವುದೇ ಅವರು ಬಿಟ್ಟುಹೋದ ಪಾಠ. ವೈದ್ಯರನ್ನು ಕೇಳದೆ ಇನ್ಹೇಲರ್ ನಿಲ್ಲಿಸಬೇಡಿ.