ದೂರದರ್ಶಕ ಕಟ್ಟಿದ ವೈನು ಬಪ್ಪು

ನಕ್ಷತ್ರಗಳಿಗೂ ಹುಟ್ಟಿದೆ. ಗೆಲಾಕ್ಸಿಯೊಳಗಿನ ತಣ್ಣನೆಯ ಅನಿಲ ತನ್ನದೇ ಭಾರಕ್ಕೆ ಕುಸಿದಾಗ ಅವು ಮೂಡುತ್ತವೆ. ಎಷ್ಟು ಮೂಡುತ್ತವೆ ಎಂಬುದಕ್ಕೆ ಆ ಗೆಲಾಕ್ಸಿಯ ನೆರೆಹೊರೆಯೂ ಕಾರಣ. ಎರಡು ಗೆಲಾಕ್ಸಿಗಳು ಹತ್ತಿರ ಬಂದರೆ ಅನಿಲ ಕಲಕಿ, ನಕ್ಷತ್ರಗಳ ಹುಟ್ಟು ಒಮ್ಮೆಲೇ ಹೆಚ್ಚಬಹುದು. ಕಿಕ್ಕಿರಿದ ಗುಚ್ಛದೊಳಗೆ ನುಗ್ಗಿದ ಗೆಲಾಕ್ಸಿ ಅನಿಲ ಕಳೆದುಕೊಂಡು ಬರಡಾಗಲೂಬಹುದು. ಇದರ ಸಂಶೋಧನೆ ಬೆಂಗಳೂರಿನ ಕೋರಮಂಗಲದಲ್ಲಿಯೂ ನಡೆಯುತ್ತಿದೆ. ಅಲ್ಲಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ವೈನು ಬಪ್ಪು. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಅವರ ಬಗ್ಗೆಯೇ ಬರೆಯೋಣವೆನಿಸಿತು.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದುದರಿಂದ ಬಾಲ್ಯದಲ್ಲೇ ಆಕಾಶದ ನಂಟು ಬೆಳೆಯಿತು. ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, 1949ರಲ್ಲಿ, ಹೊಸ ಧೂಮಕೇತುವೊಂದನ್ನು ಕಂಡರು. ಅದಕ್ಕೆ ಅವರ ಹೆಸರೂ ಸೇರಿತು. ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ಗೆರೆಯ ಅಗಲ ಅಳೆದು ಅದರ ನಿಜವಾದ ಪ್ರಕಾಶವನ್ನು ತಿಳಿಯುವ ವಿಧಾನವನ್ನು ಓಲಿನ್ ವಿಲ್ಸನ್ ಜೊತೆ 1957ರಲ್ಲಿ ಪ್ರಕಟಿಸಿದರು.

ಅಷ್ಟು ಹೆಸರು ಮಾಡಿದವರು ವಿದೇಶದಲ್ಲೇ ನೆಲೆಸಬಹುದಿತ್ತು. ಆದರೆ ಅವರು ಊರಿಗೆ ಮರಳಿ, ದೊಡ್ಡ ಉಪಕರಣಗಳಿಲ್ಲದ ದೇಶದಲ್ಲಿ ಕೆಲಸ ಶುರುಮಾಡಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಹುಡುಕಿ, 1972ರಲ್ಲಿ ಅಲ್ಲಿ ಒಂದು ಮೀಟರ್ ದೂರದರ್ಶಕ ನಿಲ್ಲಿಸಿದರು. ಮುಂದಿನ ಹಂಬಲ 2.34 ಮೀಟರಿನದು, ಅದೂ ಭಾರತದಲ್ಲೇ ಕಟ್ಟಬೇಕು. ಅದರ ಕನ್ನಡಿಯನ್ನು ಉಜ್ಜಿ ಹದಮಾಡಿದ್ದು ಬೆಂಗಳೂರಿನಲ್ಲಿ. ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು, ಬಪ್ಪು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರು, ವಯಸ್ಸು 55. 1986ರಲ್ಲಿ ಆ ದೂರದರ್ಶಕಕ್ಕೆ ಅವರ ಹೆಸರಿಟ್ಟರು. ಅದರ ಮೂಲಕ ಆಕಾಶ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ರೂಪಿಸುವಲ್ಲಿ ಮುಂದಾಳು ಅದೇ ಸಂಸ್ಥೆ. ಎಳೆಯ, ಬಿಸಿ ನಕ್ಷತ್ರಗಳು ನೇರಳಾತೀತ ಬೆಳಕನ್ನು ಹೆಚ್ಚು ಸೂಸುತ್ತವೆ. ವಾಯುಮಂಡಲ ಅದನ್ನು ತಡೆಯುವುದರಿಂದ ಮೇಲಿನಿಂದಲೇ ನೋಡಬೇಕು. ಗುಚ್ಛವೊಂದಕ್ಕೆ ನುಗ್ಗುತ್ತಿರುವ ಜೆಒ201 ಗೆಲಾಕ್ಸಿಯಿಂದ ಕಿತ್ತುಹೋದ ಅನಿಲ ಅಂಬಲಿ ಮೀನಿನ ಎಳೆಗಳಂತೆ ಹಿಂದೆ ಚಾಚಿದೆ. ಆ ಎಳೆಗಳಲ್ಲೂ ನಕ್ಷತ್ರಗಳು ಹುಟ್ಟುತ್ತಿರುವುದನ್ನು ಈ ದೂರದರ್ಶಕ ತೋರಿಸಿತು.

ಕೊಡಿಯಾಲ್‌ಬೈಲಿನ ಆಕಾಶಕ್ಕೆ ಪೇಟೆಯ ದೀಪಗಳ ಕಾಟವಿದೆ, ನಿಜ. ಆದರೂ ಫೆಬ್ರವರಿಯ ಸಂಜೆ ಸಣ್ಣ ದೂರದರ್ಶಕವೊಂದರಲ್ಲಿ ಮಹಾವ್ಯಾಧನ ನೀಹಾರಿಕೆ ಕಾಣಸಿಗುತ್ತದೆ. ಅದೂ ನಕ್ಷತ್ರಗಳು ಹುಟ್ಟುವ ತಾಣವೇ. ಈ ವರ್ಷ ಹಳೆ ವಿದ್ಯಾರ್ಥಿಗಳಾದ ನಾವೆಲ್ಲ ಕೈಜೋಡಿಸಿ ಶಾಲೆಗೆ ಅಂಥದೊಂದನ್ನು ಕೊಡಿಸೋಣ. ನನ್ನ ಪಾಲು ಮೊದಲು ಬರೆದುಕೊಳ್ಳಿ.